ಕಡಿಮೆ ಬಿದ್ದ ಮೂರು ಹಲಗೆ

ನಾನು ಸಂಶಯದ ಹೆಂಗಸು. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮೊದಲು ಹಿರೇಕೆರೂರಿನಲ್ಲಿ, ಈಗ ಹಾನಗಲ್ಲಿನಲ್ಲಿ. ಇಪ್ಪತ್ತೇಳು ವರ್ಷ ಪರೀಕ್ಷೆಯ ಕೋಣೆಗಳಲ್ಲಿ ಬೆಂಚುಗಳ ನಡುವೆ ಓಡಾಡಿದ್ದೇನೆ. ಸೆಕೆಯಲ್ಲೂ ಮಡಚದ ಅಂಗಿತೋಳು, ಪದೇ ಪದೇ ಕೇಳುವ ನೀರು, ಉತ್ತರ ಸರಿಯಿದ್ದೂ ನಡುವಿನ ಹೆಜ್ಜೆಗಳಿಲ್ಲದ ಲೆಕ್ಕ, ಇವನ್ನೆಲ್ಲ ನೋಡಿ ನೋಡಿ ನನ್ನ ಕಣ್ಣೇ ಹಾಗಾಗಿದೆ. ಸಂತೆಯಲ್ಲಿ ತಕ್ಕಡಿ ಎತ್ತಿದರೆ ನಾನು ಬದನೆಕಾಯಿ ನೋಡುವುದಿಲ್ಲ, ತಕ್ಕಡಿ ಹಿಡಿದವಳ ಕಿರುಬೆರಳು ನೋಡುತ್ತೇನೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೂ ಇದೇ ಉತ್ತರ. ಬಂದ ವರಗಳೆಲ್ಲ ನನಗೆ ಏನನ್ನೋ ಮುಚ್ಚಿಡುತ್ತಿರುವವರ ಹಾಗೆ ಕಂಡರು.

ಗಿಟಾರ್ ಮಾಡುವ ಹುಚ್ಚು ಹತ್ತಿದ್ದೂ ಸಂಶಯದಿಂದಲೇ. ಹಾನಗಲ್ಲಿಗೆ ವರ್ಗವಾಗಿ ಬಂದ ಹೊಸದರಲ್ಲಿ ಸಂಜೆಗಳು ಕಳೆಯುತ್ತಿರಲಿಲ್ಲ. ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿಯಲ್ಲಿ ಒಂದು ಗಿಟಾರ್ ಕೊಂಡು ತಂದೆ. ಮೊಬೈಲ್ ನೋಡಿ ನುಡಿಸಲು ಕುಳಿತರೆ ಎಣ್ಣೆ ಡಬ್ಬ ಬಡಿದಂತೆ ಸದ್ದು. ಅಂಗಡಿಯವನು ಒಳಗೆ ಏನೋ ತುಂಬಿ ಮೋಸ ಮಾಡಿದ್ದಾನೆ ಎಂದುಕೊಂಡು, ಈಳಿಗೆಯ ಅಲಗು ಬಿಚ್ಚಿ ಅದರ ಬೆನ್ನನ್ನು ಸೀಳಿದೆ. ಒಳಗೆ ಏನೂ ಇರಲಿಲ್ಲ. ಬೆರಳು ದಪ್ಪದ ಕಡ್ಡಿಗಳನ್ನು ಅಡ್ಡಡ್ಡ ಅಂಟಿಸಿದ್ದರು, ಅಷ್ಟೇ. ಒಂದು ಕಡ್ಡಿ ಕಿತ್ತು ಬಂದಿತ್ತು. ಈ ಕಡ್ಡಿ ಇಲ್ಲೇ ಯಾಕೆ, ಇಷ್ಟೇ ಓರೆಯಾಗಿ ಯಾಕೆ, ತುದಿಗೆ ಬರುತ್ತ ಯಾಕೆ ಸಣ್ಣದಾಗಿದೆ ಎಂದು ನೋಡುತ್ತ ಕುಳಿತವಳಿಗೆ ಕತ್ತಲಾದದ್ದೇ ತಿಳಿಯಲಿಲ್ಲ. ಅದರಲ್ಲಿ ನನಗೆ ಗೊತ್ತಿದ್ದ ಜ್ಯಾಮಿತಿ ಎಲ್ಲವೂ ಇತ್ತು. ಸೀಳಿದ ಬೆನ್ನನ್ನು ಮತ್ತೆ ಕೂಡಿಸಲು ಆಗಲಿಲ್ಲವಾದ್ದರಿಂದ ಹೊಸ ಬೆನ್ನು ಮಾಡಬೇಕಾಯಿತು. ಹೀಗೆ ಶುರುವಾದದ್ದು.

ಈಗ ಏಳು ವರ್ಷ. ಏಳು ಗಿಟಾರ್ ಆಗಿವೆ. ಒಂದು ಹಿರೇಕೆರೂರಿನ ಹಳೆಯ ಸಹೋದ್ಯೋಗಿಯ ಮನೆಯಲ್ಲಿದೆ, ಉಳಿದವು ನನ್ನ ಹಿಂದಿನ ಕೋಣೆಯ ಗೋಡೆಗೆ ತೂಗುಹಾಕಿವೆ. ನುಡಿಸುವುದರಲ್ಲಿ ನಾನು ಈಗಲೂ ದಡ್ಡಿ. ನನಗೆ ಬೇಕಾದದ್ದು ಮಾಡುವುದು. ಬಿಸಿ ಕಬ್ಬಿಣದ ಕೊಳವೆಯ ಮೇಲೆ ಒದ್ದೆ ಹಲಗೆಯನ್ನಿಟ್ಟು ಒತ್ತುತ್ತಿದ್ದರೆ ಅದು ಒಂದು ಕ್ಷಣ ಹಟ ಹಿಡಿದು ಆಮೇಲೆ ಒಮ್ಮೆಲೇ ಮೆತ್ತಗಾಗಿ ಬಾಗುತ್ತದೆ. ಆ ಕ್ಷಣಕ್ಕಾಗಿ ನಾನು ಭಾನುವಾರಗಳನ್ನು ಕಾಯುತ್ತೇನೆ. ಅಂಟು ಹಿಡಿಯುವ ತನಕ ಬಿಗಿಯಲು ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಸೀಳಿ ಸುತ್ತುತ್ತೇನೆ. ಮಳೆಗಾಲದಲ್ಲಿ ತೆಳುವಾದ ಹಲಗೆಗಳು ತಂಪಿಗೆ ಸೊಟ್ಟಗಾಗದಿರಲೆಂದು ಅಕ್ಕಿಆಲೂರಿನ ಗಿರಣಿಯಿಂದ ಭತ್ತದ ಹೊಟ್ಟು ತಂದು ಅದರೊಳಗೆ ಹೂತಿಡುತ್ತೇನೆ. ಪಕ್ಕದ ಮನೆಯಾಕೆ ಒಮ್ಮೆ ಕಿಟಕಿಯಲ್ಲಿ ಇಣುಕಿ, ಬಾಗಿಸಿಟ್ಟ ಹಲಗೆಗಳನ್ನು ಕಂಡು, ತೊಟ್ಟಿಲು ಯಾರಿಗೆ ಎಂದು ಕೇಳಿದಳು. ಗಿಟಾರ್ ಎಂದೆ. ನಂಬಲಿಲ್ಲ. ಮುಂದಿನ ಮೂರು ತಿಂಗಳು ಆಕೆ ನನ್ನ ಹೊಟ್ಟೆ ನೋಡಿಯೇ ಮಾತಾಡಿಸುತ್ತಿದ್ದಳು, ಐವತ್ತು ದಾಟಿದವಳನ್ನು.

ಗಿಟಾರಿಗೆ ಮುಖ್ಯ ಮರ. ಮುಂಬದಿಯ ಹಗುರ ಹಲಗೆ ಪೋಸ್ಟಿನಲ್ಲಿ ಬರುತ್ತದೆ. ಬೆನ್ನಿಗೂ ಪಕ್ಕೆಗಳಿಗೂ ಹಳೆಯ ಗಟ್ಟಿ ಮರವೇ ಬೇಕು. ಅದಕ್ಕೆ ನನ್ನ ದಾರಿ ಶಿಗ್ಗಾಂವಿಗೆ. ತಡಸದ ಕಡೆ ಹೋಗುವ ರಸ್ತೆಯಲ್ಲಿ ಒಬ್ಬ ವ್ಯಾಪಾರಿ ಇದ್ದಾನೆ. ಕೆಡವಿದ ಮನೆಗಳ ಬಾಗಿಲು, ಕಿಟಕಿ, ತೊಲೆ, ಕಂಬ ಎಲ್ಲವನ್ನೂ ತಂದು ಒಟ್ಟುತ್ತಾನೆ. ಬಾಯಿ ತೆರೆದರೆ ಸುಳ್ಳು ಹೇಳುತ್ತಾನೆಂದು ಮೊದಲ ದಿನವೇ ತೀರ್ಮಾನಿಸಿದ್ದೆ. ಹಾಗಾಗಿ ಅವನ ಜೊತೆ ವ್ಯವಹಾರ ಸಲೀಸಾಗಿತ್ತು.

ಕಷ್ಟವಿದ್ದದ್ದು ನಾನು ನಂಬಿದ ಮನುಷ್ಯನ ಜೊತೆ.

ಅವರು ಸವಣೂರಿನ ಬಡಿಗ, ಎಪ್ಪತ್ತು ದಾಟಿದವರು. ದಿಮ್ಮಿಯನ್ನು ಯಂತ್ರಕ್ಕೆ ಕೊಟ್ಟರೆ ಅದರ ಬ್ಲೇಡೇ ಅರ್ಧ ಮರ ತಿನ್ನುತ್ತದೆ. ಇವರು ಮರದ ಚೌಕಟ್ಟಿಗೆ ಬಿಗಿದ ತೆಳು ಗರಗಸದಲ್ಲಿ ಕೈಯಿಂದಲೇ ಕೊಯ್ಯುತ್ತಿದ್ದರು. ನಾಲ್ಕು ಮಿಲಿಮೀಟರಿನ ಹಲಗೆ, ಗರಗಸ ತಿನ್ನುವುದು ಎರಡು ಮಿಲಿಮೀಟರ್. ಸುತ್ತಲಿನ ನಾಲ್ಕೂ ತಾಲೂಕು ಸುತ್ತಿದರೂ ಇಷ್ಟು ತೆಳುವಾಗಿ ಕೊಯ್ಯುವ ಇನ್ನೊಬ್ಬರು ನನಗೆ ಸಿಗಲಿಲ್ಲ. ಮನೆಗೆ ತಾಗಿಕೊಂಡ ತಗಡಿನ ಚಾವಣಿಯೇ ಅವರ ಅಂಗಡಿ. ನಾನು ಹೋದಾಗಲೆಲ್ಲ ಸ್ಟೂಲು ಒರೆಸಿ ಕೊಡುತ್ತಿದ್ದರು. ನನ್ನ ಗಿಟಾರಿನ ವಿಷಯ ಅವರಿಗೆ ವಿಚಿತ್ರವೆನಿಸಲಿಲ್ಲ. ಕಟ್ಟಿಗೆಯಿಂದ ಯಾರು ಏನು ಮಾಡಿದರೂ ಅವರಿಗೆ ಸೈ.

ಅವರ ಅಂಗಡಿ ಒಂದು ಷರತ್ತಿನ ಮೇಲೆ ನಡೆಯುತ್ತಿತ್ತು. ಅದನ್ನು ಅವರೇ ಹೇಳಿದ್ದರು.

"ಕಣ್ಣು ಮಂಜಾಗ್ಯಾವ್ರಿ ಅಕ್ಕಾರ. ಹ್ವಾದ ವರ್ಷ ಉಳಿ ಅಂಗೈಯಾಗ ಹೊಕ್ಕಿತ್ತು. ಮಕ್ಕಳು ಸಾಕ ಮಾಡು ಅಂತಾರ. ನಾ ಒಲ್ಲೆ ಅಂದ್ನಿ. ಕಡೀಕ ಏನ್ ಅಂದ್ರು, ಗಿರಾಕಿ ಒಬ್ಬರು ತಕರಾರು ಮಾಡಿದ್ರೂ ಅವತ್ತ ಅಂಗಡಿ ಬಂದ್ ಅಂದ್ರು. ಆತು ಅಂದೇನಿ."

"ಬಂದ್ ಆದ್ರ ಏನ್ ಮಾಡ್ತೀರಿ?"

"ಏನ್ ಮಾಡ್ಲಿರಿ. ಮನ್ಯಾಗ ಕುಂತ್ರ ಸೊಸೆಂದ್ರಿಗೂ ತ್ರಾಸು, ನನಗೂ ತ್ರಾಸು. ಕೈ ಸುಮ್ಮನ ಇರೂದಿಲ್ಲ. ಅದಕ್ಕ ನಿಮ್ಮ ಕೆಲಸಾ ಭಾಳ ನಿಧಾನ ಮಾಡ್ತೇನಿ."

ಆಗ ಅವರಿಗಿದ್ದ ಗಿರಾಕಿಗಳೇ ಮೂರು ನಾಲ್ಕು ಮಂದಿ. ಕುರ್ಚಿಯ ಕಾಲು ಸಡಿಲಾದವರು, ಬಂಡಿಯ ಗೂಟ ಮುರಿದವರು, ಮತ್ತು ನಾನು. ಅಂದರೆ ಅವರ ಅಂಗಡಿಯ ಬಾಗಿಲು ಹೆಚ್ಚುಕಡಿಮೆ ನನ್ನ ನಾಲಿಗೆಯ ಮೇಲೆ ನಿಂತಿತ್ತು. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಅವಕಾಶ ನನಗಿಲ್ಲ.

ಕಳೆದ ದೀಪಾವಳಿಯ ನಂತರ ಶಿಗ್ಗಾಂವಿಯ ವ್ಯಾಪಾರಿ ಫೋನ್ ಮಾಡಿ, ಬೀಟೆಯ ತುಂಡೊಂದು ಬಂದಿದೆ ಎಂದ. ಬೀಟೆ ಎಂದರೆ ಗಿಟಾರಿನ ಬೆನ್ನಿಗೆ ಅದಕ್ಕಿಂತ ಒಳ್ಳೆಯದು ಬೇಡ. ಅಲ್ಲಿಯವರೆಗೆ ಸಾಗವಾನಿಯಲ್ಲೇ ದಿನ ದೂಡಿದ್ದ ನಾನು ಅರ್ಧ ದಿನ ರಜೆ ಹಾಕಿ ಓಡಿದೆ. ಹಳೆ ತೊಲೆಯ ತುಂಡು ಎಂದ. ನಂಬುವವಳು ನಾನಲ್ಲ. ಮೂಲೆಯಲ್ಲಿ ಚಾಕುವಿನಿಂದ ಕೆರೆದು ನೋಡಿದೆ, ಉಗುಳು ಹಚ್ಚಿ ಬಣ್ಣ ನೋಡಿದೆ, ಮೂಸಿದೆ, ಬೆರಳಗಂಟಿನಿಂದ ಬಡಿದು ಕಿವಿಗೊಟ್ಟೆ. ಬೀಟೆಯೇ. ಒಂದು ಮೈ ಮೇಲೆ ಮಾತ್ರ ಎಣ್ಣೆಯ ಜಿಡ್ಡು ಕಪ್ಪಾಗಿ ಕಟ್ಟಿತ್ತು, ಅದರಡಿ ಅಲ್ಲಲ್ಲಿ ಹಳದಿ. ಯಾವುದೋ ಹಳೆಯ ಪೇಂಟ್ ಇರಬೇಕು ಎಂದುಕೊಂಡೆ. ಎಂಟು ಇಂಚು ಅಗಲ, ಮೂರೂವರೆ ಅಡಿ ಉದ್ದ, ದಪ್ಪ ಸರಿಯಾಗಿ ಎಪ್ಪತ್ತೆರಡು ಮಿಲಿಮೀಟರ್.

ಲೆಕ್ಕ ಅಲ್ಲೇ ನಿಂತು ಮಾಡಿದೆ. ಹಲಗೆ ನಾಲ್ಕು, ಗರಗಸದ ಬಾಯಿಗೆ ಎರಡು, ಒಟ್ಟು ಆರು. ಎಪ್ಪತ್ತೆರಡನ್ನು ಆರರಿಂದ ಭಾಗಿಸಿದರೆ ಹನ್ನೆರಡು ಹಲಗೆ. ಒಂದು ಗಿಟಾರಿಗೆ ಬೆನ್ನಿಗೆರಡು, ಪಕ್ಕೆಗೆರಡು. ಮೂರು ಗಿಟಾರ್, ಒಂದು ಚೂರೂ ಉಳಿಯದ ಹಾಗೆ. ಅಷ್ಟು ಚೊಕ್ಕವಾದ ಭಾಗಾಕಾರ ನನ್ನ ಜೀವನದಲ್ಲಿ ಬೇರೆಲ್ಲೂ ಬಂದಿಲ್ಲ. ತುಂಡನ್ನು ಗೋಣಿಚೀಲದಲ್ಲಿ ಸುತ್ತಿಸಿ ಸವಣೂರಿನ ಬಸ್ಸು ಹತ್ತಿದೆ. ಹತ್ತು ಹದಿನೈದು ದಿನ ಬಿಟ್ಟು ಬರ್ರಿ ಎಂದರು ಬಡಿಗರು.

ಹದಿನಾರನೆಯ ದಿನ ಹೋದೆ. ಅವರು ಹಲಗೆಗಳನ್ನು ಹಳೆ ಲುಂಗಿಯಲ್ಲಿ ಕಟ್ಟಿಟ್ಟಿದ್ದರು. ಬಿಚ್ಚಿದರೆ ಕಣ್ಣು ತುಂಬುವಂತಿತ್ತು. ನೇರಳೆ ಮಿಶ್ರಿತ ಕಂದು, ನಡುವೆ ಕಪ್ಪು ಗೆರೆ, ಎಲ್ಲೂ ಗರಗಸದ ಏರಿಳಿತವಿಲ್ಲ. ಎರಡನ್ನು ಪುಸ್ತಕ ತೆರೆದಂತೆ ಅಕ್ಕಪಕ್ಕ ಇಟ್ಟರು. ಗೆರೆಗಳು ಕನ್ನಡಿಯಲ್ಲಿ ಕಂಡಂತೆ ಕೂಡಿಕೊಂಡವು. ನಾನು ಮೊದಲು ಮಾಡಿದ ಕೆಲಸವೆಂದರೆ ಎಣಿಸಿದ್ದು. ಒಂಬತ್ತು ಇದ್ದವು.

ಮತ್ತೆ ಎಣಿಸಿದೆ. ಆಗ ಅವರ ಹಿರಿಯ ಮಗ, ಸಾಮಾನು ಸಾಗಿಸುವ ಗಾಡಿ ಓಡಿಸುವವನು, ಊಟಕ್ಕೆಂದು ಬಂದು ಗಾಡಿ ನಿಲ್ಲಿಸಿ ಅಲ್ಲೇ ಕೈ ತೊಳೆಯುತ್ತಿದ್ದ.

"ಹನ್ನೆರಡು ಇರಬೇಕಾಗಿತ್ತಲ್ರಿ," ಎಂದೆ.

ಮುದುಕರು ಮರ ಹೆರೆಯುವ ರಂದಾ ಕೈಗೆತ್ತಿಕೊಂಡು ಅದರ ಬಾಯಿಯಲ್ಲಿ ಸಿಕ್ಕಿದ್ದ ಹೊಟ್ಟು ತೆಗೆಯತೊಡಗಿದರು. "ಒಂಬತ್ತ ಬಂದಾವ್ರಿ ಅಕ್ಕಾರ."

"ದಪ್ಪ ನಾನ ಅಳತಿ ಮಾಡೇನಿ. ಒಂಬತ್ತಕ್ಕ ಐವತ್ನಾಲ್ಕು ಆಗತೈತಿ. ಉಳದ ಹದಿನೆಂಟು ಎಲ್ಲಿ ಹೋತು?"

"ಆ ಮ್ಯಾಲಿಂದು ಬರೂದಲ್ರಿ."

"ಯಾಕ ಬರೂದಿಲ್ಲ? ಹುಳಾ ಹಿಡದಿತ್ತೇನು?"

"ಹುಳಾ ಇಲ್ರಿ. ಅದು ಬರೂದಲ್ಲ, ಅಷ್ಟ."

ಇಪ್ಪತ್ತೇಳು ವರ್ಷದಿಂದ ಕೇಳುತ್ತಿರುವ ಉತ್ತರವದು. ನಕಲು ಚೀಟಿ ಎಲ್ಲಿಂದ ಬಂತು ಎಂದರೆ ಗೊತ್ತಿಲ್ಲ, ಇಲ್ಲೇ ಇತ್ತು, ಅಷ್ಟೇ. ಅವರು ನನ್ನ ಮುಖ ನೋಡುತ್ತಿರಲಿಲ್ಲ, ಮಗನ ಕಡೆ ನೋಡುತ್ತಿದ್ದರು. ಅದೂ ನನಗೆ ಗೊತ್ತಿರುವ ನೋಟ. ಮೂರು ಹಲಗೆಯೊಳಗೆ ಹೆಚ್ಚೂಕಡಿಮೆ ಒಂದು ಗಿಟಾರಿದೆ, ಬೀಟೆಯ ಬೆಲೆ ಯಾವ ಬಡಿಗನಿಗೆ ಗೊತ್ತಿಲ್ಲ, ಎಂದು ತಲೆ ತನ್ನಷ್ಟಕ್ಕೆ ತಾನೇ ಲೆಕ್ಕ ಮುಂದುವರಿಸಿತು.

ಮಗ ಕೈ ಒರೆಸಿಕೊಳ್ಳುತ್ತ ಬಂದ. "ಏನಾತ್ರಿ ಅಕ್ಕಾರ?"

ಆಗಲೂ ನಾನು ಏನಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. "ಮೂರು ಹಲಗಿ ಕಡಿಮಿ ಬಿದ್ದಾವು. ಎಲ್ಲಿ ಹೋದ್ವು ಅಂತ ನಿಮ್ಮ ಅಪ್ಪಾರು ಹೇಳವಲ್ರು," ಎಂದೆ. ಮಾತು ಮೆತ್ತಗೇ ಆಡಿದೆ. ನಾನು ಚೀಟಿ ಹಿಡಿದಾಗಲೂ ಕೂಗುವುದಿಲ್ಲ.

ಮಗ ಉರ್ದುವಿನಲ್ಲಿ ಅಪ್ಪನಿಗೆ ಏನೋ ಕೇಳಿದ. ಅಪ್ಪ ಒಂದೇ ಶಬ್ದದಲ್ಲಿ ಉತ್ತರ ಕೊಟ್ಟರು. ಮತ್ತೆ ಕೇಳಿದ. ಈ ಸಲ ಅವರು ತಲೆ ಎತ್ತಲೂ ಇಲ್ಲ. ಇಬ್ಬರೂ ಸೇರಿ ಏನೋ ಹೊಂದಿಸುತ್ತಿದ್ದಾರೆ ಎಂದು ನಾನು ಹಲಗೆಗಳನ್ನು ಕಟ್ಟಿಕೊಂಡು ಎದ್ದುಬಿಟ್ಟೆ. ಮುದುಕರು ಎದ್ದು ನಿಂತು, "ಹೋಗಿ ಬರ್ರಿ," ಎಂದರು, ಎಂದಿನಂತೆ.

ಮುಂದಿನ ಎರಡು ತಿಂಗಳು ಆ ಬೀಟೆಯಲ್ಲಿ ಏಳನೆಯ ಗಿಟಾರ್ ಮಾಡಿದೆ. ಅಷ್ಟು ಸಿಟ್ಟಿನಲ್ಲಿ ನಾನು ಯಾವ ಗಿಟಾರನ್ನೂ ಮಾಡಿಲ್ಲ. ಹಲಗೆ ಎರಡೂವರೆ ಮಿಲಿಮೀಟರಿಗೆ ಬರುವ ತನಕ ಉಜ್ಜಿ, ತುದಿಯಲ್ಲಿ ಎರಡು ಬೆರಳಿನಿಂದ ಹಿಡಿದು ತೂಗಾಡಿಸಿ, ನಡುವೆ ಬಡಿದರೆ ದೇವಸ್ಥಾನದ ಗಂಟೆ ನಿಲ್ಲುವಾಗಿನಂಥ ದನಿ ಬರುತ್ತಿತ್ತು. ಸಾಗವಾನಿಯಲ್ಲಿ ನಾನು ಇಂಥದ್ದನ್ನು ಕೇಳಿರಲಿಲ್ಲ. ಪ್ರತಿ ಸಲ ಕೇಳಿದಾಗಲೂ ಹೊಟ್ಟೆ ಉರಿಯಿತು. ಇಂಥವೇ ಮೂರು ಇನ್ನಾರದೋ ಮನೆಯಲ್ಲಿವೆ. ಕಡ್ಡಿ ಅಂಟಿಸಿದೆ, ಪಕ್ಕೆ ಬಾಗಿಸಿದೆ, ತಂತಿ ಹೊರುವ ಕುದುರೆಯನ್ನು ಕೆತ್ತಿ ಕೂರಿಸಿದೆ. ತಂತಿ ಕಟ್ಟಿದ ದಿನ ಒಂದೇ ಸಲ ಮೀಟಿ, ಗೋಡೆಗೆ ತೂಗುಹಾಕಿ, ಸವಣೂರಿಗೆ ಫೋನ್ ಮಾಡಿದೆ. ಉಳಿದ ಐದು ಹಲಗೆಗಳ ಅಂಚು ಸರಿ ಮಾಡಿಸುವ ನೆಪ ಇತ್ತು. ನಿಜವಾಗಿ ಬೇಕಾಗಿದ್ದದ್ದು ಅವರ ದನಿಯಲ್ಲಿ ಅಳುಕು ಇದೆಯೋ ಎಂದು ನೋಡುವುದು.

ಫೋನ್ ಎತ್ತಿದವನು ಮಗ. "ಅಬ್ಬಾ ಈಗ ಕೆಲಸಾ ಮಾಡಂಗಿಲ್ರಿ ಅಕ್ಕಾರ. ನೀವು ಬಂದು ಹ್ವಾದ ದಿನಾನ ಬಂದ್ ಮಾಡಿದ್ವಿ," ಎಂದ. ಅವನ ಮಾತಿನಲ್ಲಿ ದೂರು ಇರಲಿಲ್ಲ.

ನನ್ನಿಂದಲೇ ಎಂದು ಒಮ್ಮೆ ಅನಿಸಿದ್ದು ನಿಜ. ಆದರೆ ಅದರ ಬೆನ್ನಿಗೇ ಬಂದ ಯೋಚನೆ ಬೇರೆ. ಸಿಕ್ಕಿಬಿದ್ದ ಮೇಲೆ ಬಾಗಿಲು ಹಾಕಿದ್ದಾರೆ, ತಪ್ಪಿಲ್ಲದಿದ್ದರೆ ಒಂದು ಮಾತು ಹೇಳುತ್ತಿದ್ದರು. ಆ ಮೂರು ಹಲಗೆ ಎಲ್ಲಿ ಮಾರಾಟವಾಗಿರಬಹುದು ಎಂದು ಯೋಚಿಸಿದಾಗ ಕಂಡದ್ದು ಒಂದೇ ಜಾಗ. ಮುಂದಿನ ರವಿವಾರ ಶಿಗ್ಗಾಂವಿಗೆ ಹೋದೆ.

ವ್ಯಾಪಾರಿ ಯಾರಿಗೋ ಕಿಟಕಿ ತೋರಿಸುತ್ತಿದ್ದ. ನಾನು ಅವನನ್ನು ಕರೆಯದೆ ನೇರ ಒಳಗೆ ಹೋಗಿ ಹುಡುಕಿದೆ. ಜಾಸ್ತಿ ಹುಡುಕಬೇಕಾಗಲಿಲ್ಲ. ಕಿಟಕಿ ಚೌಕಟ್ಟುಗಳ ಹಿಂದೆ ಗೋಡೆಗೆ ಆನಿಸಿಟ್ಟ ಹಲಗೆಯೊಂದು ಕಂಡಿತು. ಎಂಟು ಇಂಚು ಅಗಲ, ಮೂರೂವರೆ ಅಡಿ ಉದ್ದ, ಒಂದು ಮೈ ಗರಗಸದಿಂದ ನುಣ್ಣಗೆ ಕೊಯ್ದದ್ದು, ಇನ್ನೊಂದು ಮೈ ಕಪ್ಪು ಜಿಡ್ಡು. ಕೈಚೀಲದಿಂದ ಅಳತೆಪಟ್ಟಿ ತೆಗೆದೆ. ದಪ್ಪ ಹದಿನಾರು ಮಿಲಿಮೀಟರ್. ಗರಗಸ ತಿಂದ ಎರಡನ್ನು ಸೇರಿಸಿದರೆ ಸರಿಯಾಗಿ ಮೂರು ಹಲಗೆ. ನನ್ನ ಲೆಕ್ಕದಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ಆ ಕ್ಷಣ ನನಗಾದದ್ದು ಸಂತೋಷ. ಬರೆಯಲು ನಾಚಿಕೆಯಾದರೂ ಅದನ್ನು ಸಂತೋಷ ಎಂದೇ ಕರೆಯಬೇಕು.

"ಇದನ್ನ ಎಷ್ಟಕ್ಕ ತಗೊಂಡ್ರಿ ಸವಣೂರಾವರ ಕಡಿಂದ?" ಎಂದೆ, ವ್ಯಾಪಾರಿ ಬಂದಾಗ.

ಅವನು ಹಲಗೆ ನೋಡಿ ನಾಲಿಗೆ ಕಚ್ಚಿಕೊಂಡ. "ಅಯ್ಯ, ಇದು ಇಲ್ಲೇ ಉಳೀತಲ್ಲ. ತಗೊಂಡಿಲ್ರಿ. ಚಾಚಾ ಬಸ್ಸಿನ್ಯಾಗ ಇಟ್ಟು ಕಳಿಸಿದ್ದ. ನೀರಿಗೆ ಬಿಡು ಅಂತ ಹೇಳಿದ್ದ, ನಾ ಮರತ ಬಿಟ್ಟೆ."

"ನೀರಿಗೆ ಯಾಕ?"

ಅವನು ಹಲಗೆಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. ಈ ಮನುಷ್ಯ ಸುಳ್ಳು ಹುಡುಕುತ್ತಿದ್ದಾನೆ ಎಂದುಕೊಂಡೆ. ಹುಡುಕಿದ್ದು ನಿಜವನ್ನು ಹೇಗೆ ಹೇಳಬೇಕೆಂದು.

"ಸಿಟ್ಟಾಗಬ್ಯಾಡ್ರಿ. ನಿಮಗ ಕೊಟ್ಟದ್ದು ತೊಲಿ ಅಲ್ಲ. ದೇವರ ಮನಿ ಹೊಸ್ತಿಲಾ. ಹೊಸ್ತಿಲಾ ಅಂದ್ರ ಯಾರೂ ಒಯ್ಯಂಗಿಲ್ಲ, ಅದಕ್ಕ ತೊಲಿ ಅಂದ್ನಿ. ಚಾಚಾ ಕೊಯ್ಯೂಕಿಂತ ಮೊದಲ ಹಸಿ ಅರಬಿಲೆ ಒರಸ್ಯಾನ. ಅರಿಷಿಣ ಕುಂಕುಮ ಕಂಡೈತಿ. ಫೋನ್ ಹಚ್ಚಿ, ಇದು ಯಾವ ಬಾಗಲದ್ದು ಖರೇ ಹೇಳು ಅಂದ. ಹೇಳಿದ್ನಿ."

ಜಿಡ್ಡಿನ ಕೆಳಗಿನ ಹಳದಿಯನ್ನು ನಾನು ಉಗುರಿನಿಂದ ಕೆರೆದೆ. ಅರಿಷಿಣ. ಯಾವುದೋ ಮನೆಯ ಹೆಂಗಸರು ಎಷ್ಟೋ ತಲೆಮಾರು ದಿನಾ ಬೆಳಿಗ್ಗೆ ಹಚ್ಚಿದ್ದು. ಕೆರೆದು, ಉಗುಳಿ, ಮೂಸಿ ನೋಡಿದವಳಿಗೆ ಅದು ಪೇಂಟ್ ಆಗಿ ಕಂಡಿತ್ತು. ನನ್ನ ಮನೆಯ ಹೊಸ್ತಿಲನ್ನು ನಾನು ನೆಲ ಒರೆಸುವ ಬಟ್ಟೆಯಲ್ಲೇ ಒರೆಸುತ್ತೇನೆ.

"ಪೂಜಿ ಮಾಡಿದ ಮೈ ಹಂಗ ಇಡಿಯಾಗಿ ಬಿಡಸಬೇಕಂತ, ಒಡೀಬಾರದಂತ, ಒಲಿಗೆ ಹಾಕಬಾರದಂತ. ಅದು ನೀರಿಗೆ. ಒಳಗಿಂದು ಬರೇ ಕಟಗಿ, ಅದರಾಗ ಏನರೆ ಮಾಡ್ಕೋಬಹುದಂತ. ಅವರ ಅಪ್ಪನ ಕಾಲದಿಂದ ಹಿಂಗ ಮಾಡ್ಕೋತ ಬಂದಾರಂತ. ನೀರಿಗೆ ಬಿಡೂದು ನನ್ನ ಕೈಲೆ ಬ್ಯಾಡ, ನೀನ ಬಿಡು ಅಂದ."

"ನನಗ ಯಾಕ ಹೇಳಲಿಲ್ಲ ಅವರು?"

"ಹೆಂಗ ಹೇಳತಾರ್ರಿ?" ವ್ಯಾಪಾರಿ ರಸ್ತೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಸವಣೂರಾಗ ಸಾಬರ ಅಂಗಡ್ಯಾಗ ದೇವರ ಹೊಸ್ತಿಲಾ ಕೊಯ್ದ್ರು ಅಂತ ಒಬ್ಬರ ಬಾಯಾಗ ಬಂದ್ರ ಸಾಕಲ್ರಿ, ಈಗಿನ ಟೈಮಿನ್ಯಾಗ. ನೀವು ಯಾರ ಮುಂದ ಏನ್ ಅಂತೀರೋ ಅಂವಗೇನ್ ಗೊತ್ತು?"

ಆ ಮಾತು ಕೇಳಿ ಮೊದಲು ನನಗೆ ಸಿಟ್ಟೇ ಬಂತು. ಐದು ವರ್ಷದ ಪರಿಚಯ, ಅವರ ಮನೆಯ ಚಹಾ ಎಷ್ಟು ಸಲ ಕುಡಿದಿಲ್ಲ, ನನ್ನನ್ನು ಹಾಗೆ ತಿಳಿಯಬಹುದೇ? ಆಮೇಲೆ ನೆನಪಾಯಿತು, ಅವರು ತಿಳಿದದ್ದು ಸರಿಯಾಗಿಯೇ ಇತ್ತು. ಮೂರು ಹಲಗೆಗೆ ನನ್ನ ಬಾಯಿ ಎಷ್ಟು ಬೇಗ ತೆರೆದಿತ್ತು.

ವ್ಯಾಪಾರಿ ಹಲಗೆ ಎತ್ತಿ ಬೆಳಕಿಗೆ ಹಿಡಿದ. "ಬೇಕಾದ್ರ ಒಯ್ರಿ. ಮ್ಯಾಲೆ ಚೂರು ರಂದಾ ಹೊಡದ್ರ ಇದರಾಗೂ ನಿಮಗ ಎರಡು ಹಲಗಿ ಬರ್ತಾವು," ಎಂದ. ನಾನು ಹಲಗೆ ಇಸಿದುಕೊಂಡೆ. ಹಲಗೆಗಾಗಿ ಅಲ್ಲ. ನನ್ನ ತಲೆಯಲ್ಲಿ ಆಗಲೇ ಬೇರೊಂದು ಲೆಕ್ಕ ತಯಾರಾಗಿತ್ತು. ಮಗನ ಮುಂದೆ ತಪ್ಪು ಹೊರಿಸಿದ್ದೆ, ಮಗನ ಮುಂದೆಯೇ ತಪ್ಪಿಲ್ಲವೆಂದು ತೋರಿಸಬೇಕು, ತೋರಿಸಲು ಸಾಕ್ಷಿ ಕೈಯಲ್ಲಿದೆ. ಅಂಗಡಿ ಮತ್ತೆ ತೆರೆಯುತ್ತದೆ. ಹಲಗೆಗೆ ನನ್ನ ಶಾಲು ಸುತ್ತಿ ಅಲ್ಲಿಂದಲೇ ಸವಣೂರಿನ ಬಸ್ಸು ಹತ್ತಿದೆ.

ತಗಡಿನ ಚಾವಣಿಯ ಕೆಳಗೆ ಈಗ ಮಗನ ಗಾಡಿ ನಿಂತಿತ್ತು. ಕೊಯ್ಯುವ ಕಟ್ಟೆಯ ಮೇಲೆ ಹಳೆ ಟೈರುಗಳು. ಮುದುಕರು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದರು, ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು. ನನ್ನನ್ನು ಕಂಡು ಎದ್ದರು. "ಬರ್ರಿ ಅಕ್ಕಾರ, ಕುಂದ್ರಿ," ಎಂದರು. ನಾನು ಕೂರಲಿಲ್ಲ. ಮಗನನ್ನು ಕರೆಯಿರಿ ಎಂದೆ. ಅವನು ಬಂದ ಮೇಲೆ ಹಲಗೆಯನ್ನು ಕಟ್ಟೆಯ ಮೇಲಿಟ್ಟು ಶಾಲು ತೆಗೆದು, ಬೋರ್ಡಿನ ಮುಂದೆ ನಿಂತವಳಂತೆ ವಿವರಿಸತೊಡಗಿದೆ. ಇದು ಹೊಸ್ತಿಲ ಮೇಲ್ಮೈ, ಇಲ್ಲಿ ನೋಡಿ ಅರಿಷಿಣ, ದಪ್ಪ ಇಷ್ಟು, ನಿಮ್ಮ ಅಪ್ಪಾರು ಒಂದು ಚೂರೂ ಇಟ್ಟುಕೊಂಡಿಲ್ಲ, ನನ್ನದೇ ತಪ್ಪು.

ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಯಾರೆಂದು ನನಗೆ ಗೊತ್ತಿಲ್ಲ. ಮುದುಕರು ಬಾಗಿ, ನೆಲಕ್ಕೆ ಬಿದ್ದ ನನ್ನ ಶಾಲನ್ನು ಎತ್ತಿ ಹಲಗೆಯ ಮೇಲೆ ಹೊದಿಸಿದರು.

"ಇದನ್ನ ಯಾಕ ಇಲ್ಲಿಗೆ ತಂದ್ರಿ?" ಎಂದರು.

ರಸ್ತೆಯಲ್ಲಿ ನಿಂತವರು ಹೊರಟುಹೋಗುವ ತನಕ ಮಗ ಕಾದ. ಆಮೇಲೆ ಮೆಲ್ಲಗೆ ಹೇಳಿದ.

"ಅವತ್ತ ನಾ ಅಬ್ಬಾನ ಮ್ಯಾಲೆ ಸಿಟ್ಟ ಮಾಡಿದ್ನಿ ಅಕ್ಕಾರ. ಕಣ್ಣ ಕಾಣದ ಹಾಳ ಮಾಡಿರಬೇಕು, ಹೇಳಾಕ ನಾಚಿಕಿ ಅಂತ ತಿಳದ್ನಿ. ನೀವು ಬಂದು ಹೇಳಿದ್ದು ಛಲೋ ಆತು. ಕಣ್ಣಿನ ಸಲುವಾಗಿ ಬಂದ್ ಮಾಡಿದ್ದು ನಾಳೆ ತಗೀಬಹುದಿತ್ತು. ಆದ್ರ ಇಂಥಾವು ಅಂಗಡಿಗೆ ಬರ್ತಾವ ಅಂತ ಗೊತ್ತಾದ ಮ್ಯಾಲೆ ಹೆಂಗ ತಗೀಲಿ? ನನಗೂ ಮಕ್ಕಳದಾವು."

ನಾನು ಮುದುಕರ ಕಡೆ ನೋಡಿದೆ. ಇಷ್ಟು ದಿನ ಅವರು ಬಾಯಿ ಮುಚ್ಚಿಕೊಂಡು ಉಳಿಸಿಕೊಂಡಿದ್ದ, ಅಂಗಡಿ ಮತ್ತೆ ತೆರೆಯುವ ಒಂದೇ ದಾರಿಯನ್ನು ನಾನು ಬಸ್ಸಿನಲ್ಲಿ ಹೊತ್ತು ತಂದು ಮುಚ್ಚಿದ್ದೆ. ಮೊದಲ ಸಲ ಸಂಶಯದಿಂದ, ಎರಡನೆಯ ಸಲ ಸಂಶಯ ಪರಿಹಾರ ಮಾಡಲೆಂದು. ತಪ್ಪಾಯಿತು ಎಂದೆ. ಅವರು ತಲೆ ಅಲ್ಲಾಡಿಸಿ, ಸೊಸೆಗೆ ಚಹಾ ತರಲು ಹೇಳಿದರು. ಗಿಟಾರ್ ಹೆಂಗ ಆತು ಎಂದು ಕೇಳಿದರು. ದನಿ ಚೆನ್ನಾಗಿದೆ ಎಂದೆ. "ಬೀಟಿ ಅಲ್ರಿ, ಇರತೈತಿ," ಎಂದರು. ಹಾಗೆನ್ನುವಾಗ ಬಲಗೈಯ ಬೆರಳುಗಳು ಮೊಣಕಾಲ ಮೇಲೆ ಏನನ್ನೋ ತಟ್ಟಿ ನೋಡುತ್ತಿದ್ದವು.

ಹೊರಡುವಾಗ ಅವರು ಒಳಗೆ ಹೋಗಿ ಒಂದು ಬಟ್ಟೆಯ ಚೀಲ ತಂದರು. ಬಡಿಗ ಕೊಯ್ದ ಮರದ ತುದಿ ತುಂಡುಗಳು ಬಡಿಗನವು. ಅವನ ಮನೆಯ ಒಲೆಗೆ ಹೋಗುತ್ತವೆ. ಇದು ನಮ್ಮ ಕಡೆಯ ವಾಡಿಕೆ, ಯಾರೂ ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ. ಹೊಸ್ತಿಲಿನ ಎರಡೂ ತುದಿ ಗೋಡೆಯೊಳಗಿದ್ದು ಸ್ವಲ್ಪ ಶಿಥಿಲವಾಗಿದ್ದರಿಂದ ಅವರು ಪ್ರತಿ ಹಲಗೆಯ ತುದಿಯನ್ನೂ ಕತ್ತರಿಸಿದ್ದರು.

"ನಿಮ್ಮ ಹಲಗಿ ತುದಿ ಅದಾವು. ಒಲಿಗೆ ಹಾಕಿಲ್ಲ, ಹಂಗ ಇಟ್ಟೇನಿ," ಎಂದರು. "ಎಣಿಸ್ಕೋರಿ, ಅಕ್ಕಾರ."

"ಬ್ಯಾಡ್ರಿ. ನಿಮ್ಮ ಮ್ಯಾಲೆ ಭರೋಸಾ ಐತಿ."

"ಎಣಿಸ್ಕೋರಿ," ಎಂದರು ಮತ್ತೊಮ್ಮೆ. ಅದರಲ್ಲಿ ಕುಹಕವಿದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಗಿರಾಕಿಗೆ ಹೇಳುವ ಹಾಗೆ ಹೇಳಿದರು. ನಾನು ಎಣಿಸದೆ ಚೀಲ ಹೆಗಲಿಗೆ ಹಾಕಿಕೊಂಡು, ಶಾಲು ಸುತ್ತಿದ ಹಲಗೆ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಹಾನಗಲ್ಲಿಗೆ ಹೋಗಿ ಅದನ್ನು ಕೆರೆಗೆ ಬಿಡಬೇಕಾದವಳು ಈಗ ನಾನೇ.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಹಲಗೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡೆ, ಚೀಲವನ್ನು ಅದರ ಮೇಲೆ. ಬಂಕಾಪುರ ದಾಟುವ ತನಕ ಕಿಟಕಿಯ ಆಚೆ ನೋಡುತ್ತ ತಡೆದುಕೊಂಡೆ. ಆಮೇಲೆ ಚೀಲದ ಬಾಯಿ ಬಿಚ್ಚಿದೆ. ಒಂಬತ್ತು ಹಲಗೆ, ಎರಡೆರಡು ತುದಿ, ಹದಿನೆಂಟು ಇರಬೇಕು. ಬಸ್ಸು ಕುಲುಕುತ್ತಿದ್ದರಿಂದ ಎರಡು ಸಲ ಎಣಿಸಿದೆ. ಹದಿನೆಂಟೂ ಇದ್ದವು.